ಪಾಯಿಂಟ್ಸ್ ಕೂಡಿಸುವ ನಮ್ಮ ಪತಿರಾಯರು

ಬೇರೆ ಮನೆಗಳಲ್ಲಿ ಗಂಡ ದುಡ್ಡು ಖರ್ಚು ಮಾಡಿ ಬಂದ್ರೆ ಮುಖ ಸಪ್ಪೆಯಾಗಿರುತ್ತೆ. ನಮ್ಮನೆಯವರು ಖರ್ಚು ಮಾಡಿ ಬಂದು "ಇವತ್ತು ಎಷ್ಟು ಸಂಪಾದಿಸಿದೆ ಗೊತ್ತಾ?" ಅಂತಾರೆ. ಅಮೆರಿಕದ ಬಾಥೆಲ್‌ನಲ್ಲಿ ಮನೆ ಮಾಡಿದಾಗಿನಿಂದ ಇದೇ ಕಥೆ. ನಗೋದಕ್ಕೆ ವಾರಕ್ಕೊಂದು ಸಿಕ್ಕೇ ಸಿಗುತ್ತೆ.

ಬದನೆಕಾಯಿ

ಅವರ ಹತ್ರ ಐದು ಕ್ರೆಡಿಟ್ ಕಾರ್ಡ್. ಖರ್ಚು ಮಾಡಿದಷ್ಟೂ ಪಾಯಿಂಟ್ಸ್, ಸಾಕಷ್ಟು ಕೂಡಿದ್ರೆ ವಿಮಾನದ ಟಿಕೆಟ್ಟೂ ಪುಕ್ಕಟೆ. ಯಾವುದರಲ್ಲಿ ಏನು ಕೊಂಡ್ರೆ ಹೆಚ್ಚು ಪಾಯಿಂಟ್ಸ್ ಅಂತ ನಂಗೆ ತಿಳೀಲಿ ಅಂತ ಒಂದೊಂದರ ಮೇಲೂ ಚೀಟಿ ಅಂಟಿಸಿದಾರೆ: ದಿನಸಿ, ಪೆಟ್ರೋಲ್, ಔಷಧಿ. ಒಂದಿನ ಆತುರದಲ್ಲಿ ಪೆಟ್ರೋಲ್ ಕಾರ್ಡ್ ಕೊಟ್ಟು ತರಕಾರಿ ತಂದೆ. ಎಣ್ಣೆಗಾಯಿ ಬಾಯಿಗಿಟ್ಟವರು ಮೊಬೈಲಿಗೆ ಬಂದ ಕಾರ್ಡಿನ ಮೆಸೇಜ್ ನೋಡಿ ನುಂಗೋದನ್ನೇ ಮರೆತರು.

"ಇದು ಪೆಟ್ರೋಲ್ ಕಾರ್ಡಿನ ಬದನೆಕಾಯಾ?"

"ಯಾಕ್ರೀ, ವಾಸನೆ ಬರ್ತಿದೆಯಾ?" ಅಂದೆ.

ಕೊತ್ತಂಬರಿ

ಆಮೇಲೆ ಕಾರ್ಡ್ ಕಂಪನಿಯದ್ದೊಂದು ಲಕ್ಕಿ ಡ್ರಾ ಬಂತು. ಒಂದು ಸಲ ಕಾರ್ಡ್ ಸ್ವೈಪ್ ಮಾಡಿದ್ರೆ ಡ್ರಾದಲ್ಲಿ ಒಂದು ಅವಕಾಶ, ಗೆದ್ದವರಿಗೆ ಕಾರು. ಇಂಡಿಯನ್ ಅಂಗಡೀಲಿ ನಮ್ಮವರು ಕೊತ್ತಂಬರಿಗೊಂದು ಬಿಲ್, ಕರಿಬೇವಿಗೊಂದು ಬಿಲ್, ಶುಂಠಿಗೊಂದು ಬಿಲ್ ಮಾಡಿಸಿದರು. ಹಿಂದೆ ಕ್ಯೂನಲ್ಲಿದ್ದ ತೆಲುಗಿನವರೊಬ್ಬರು ಗೊಣಗಿದ್ರು. ನಂಗೋ ನಾಚ್ಕೆಯಿಂದ ತಲೆ ಎತ್ತೋಕಾಗ್ಲಿಲ್ಲ. ಇವರು ಸಮಾಧಾನವಾಗಿ ತಿರುಗಿ ಅವರಿಗೆ ಡ್ರಾ ವಿಷಯ ಹೇಳಿದರು. ಆತ ತಮ್ಮ ಬುಟ್ಟಿಯಿಂದ ಎರಡು ನಿಂಬೆಹಣ್ಣು ಎತ್ತಿ ಅಂಗಡಿಯವನಿಗೆ ಹೇಳಿದ್ರು: "ಇವೆರಡಕ್ಕೂ ಬೇರೆ ಬೇರೆ ಬಿಲ್!"

ಸೀಮಂತ

ಮೈಸೂರಲ್ಲಿ ನನ್ನ ತಂಗಿಯ ಸೀಮಂತ ನಿಶ್ಚಯವಾಯ್ತು. ಇರೋಳು ಒಬ್ಬಳೇ ತಂಗಿ, ಹೋಗದಿದ್ರೆ ಜೀವ ತಡೆಯಲ್ಲ. ಟಿಕೆಟ್ ಬೆಲೆ ಕೇಳಿದ್ರೆ ಕೂಡ ಜೀವ ತಡೆಯಲ್ಲ. ನಮ್ಮವರು ಹೊಸ ಕಾರ್ಡ್ ತಂದರು. ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ರೆ ನಾನು ಹೋಗೋ ಟಿಕೆಟ್ ಪುಕ್ಕಟೆಯಂತೆ.

"ಪಾಯಿಂಟ್ಸ್ ಆಸೆಗೆ ಬೇಡದ್ದೆಲ್ಲ ಕೊಂಡ್ರೆ ನೋಡಿ ಮತ್ತೆ!" ಅಂದೆ.

ಈ ವಿಷಯದಲ್ಲಿ ಅವರನ್ನ ಮೆಚ್ಚಲೇಬೇಕು. ಬೇಡದ ಒಂದು ಚಮಚ ಕೂಡ ಮನೆಗೆ ಬರ್ಲಿಲ್ಲ. ಕಾರಿನ ಇನ್ಶೂರೆನ್ಸು, ಹಲ್ಲಿನ ಡಾಕ್ಟರ ಬಿಲ್ಲು, ಹೇಗೂ ಕಟ್ಟಬೇಕಾದ್ದನ್ನೇ ಕಟ್ಟಿ ಟಿಕೆಟ್ ಗಿಟ್ಟಿಸಿಬಿಟ್ಟರು! ನಂಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ ಎರಡು ದಿನ ಅವರನ್ನ ಬೈಲೇ ಇಲ್ಲ. "ವಾಪಸ್ ಟಿಕೆಟ್ ನಾನು ನೋಡ್ಕೋತೀನಿ, ನೀನು ಆರಾಮಾಗಿ ಹೋಗು" ಅಂದರು. ಹೋದೆ.

ಸೀಮಂತದ ದಿನ ದೊಡ್ಡಮ್ಮ ಕೇಳಿದ್ರು: "ವಾಪಸ್ ಯಾವತ್ತೇ?"

"ಗೊತ್ತಿಲ್ಲ ದೊಡ್ಡಮ್ಮ, ಟಿಕೆಟ್ ಇನ್ನೂ ಬಂದಿಲ್ಲ."

ತಂಗಿಗೆ ಬಳೆ ತೊಡಿಸ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನೇ ನೋಡಿದ್ರು. ದೊಡ್ಡಮ್ಮನ ಕಣ್ಣಲ್ಲಿ ಆಗಲೇ ನೀರು. "ಬರೋಕೆ ಮಾತ್ರ ಟಿಕೆಟ್ ಕೊಟ್ಟು ತವರಿಗೆ ಕಳಿಸಿದ್ರಾ? ಏನೇ ಜಗಳ ಆಡ್ಕೊಂಡ್ರಿ?"

ಅಲ್ಲೇ ನಮ್ಮವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ರೀ, ನನ್ನ ವಾಪಸ್ ಟಿಕೆಟ್ ಎಲ್ಲಿ?"

"ಗಾಬರಿ ಆಗ್ಬೇಡ ಕಣೇ! ನಿನ್ನ ಟಿಕೆಟ್‌ಗೆ ಪಾಯಿಂಟ್ಸ್ ಕೂಡಿಸ್ತಿದೀನಿ, ಹೋಟೆಲ್ ಊಟಕ್ಕೆ ಮೂರು ಪಟ್ಟು. ನೀನು ಹೋದಾಗಿಂದ ಮೂರು ಹೊತ್ತೂ ಹೊರಗೇ ತಿಂತಿದೀನಿ. ಆಫೀಸಿನವರ ಬಿಲ್ಲೂ ನಾನೇ ಕಟ್ಟಿ ಅವರ ಹತ್ರ ದುಡ್ಡು ಈಸ್ಕೋತಿದೀನಿ. ಹೊಟ್ಟೆ ಕೆಟ್ಟಿದೆ, ಆದ್ರೂ ಬಿಟ್ಟಿಲ್ಲ. ಇನ್ನು ನಾಲ್ಕೇ ಊಟ, ನೀನು ಮನೇಲಿರ್ತೀಯ!"

ದೊಡ್ಡಮ್ಮ ಕಣ್ಣೊರೆಸ್ಕೊಂಡು ಎಲ್ಲರ ಕಡೆ ತಿರುಗಿದ್ರು. "ಹೆಂಡ್ತಿ ಬರ್ಲಿ ಅಂತ ಊಟ ಬಿಟ್ಟವರನ್ನ ಕಂಡಿದ್ದೆ ಕಣ್ರೇ. ಊಟ ಮಾಡಿ ಮಾಡಿ ಸುಸ್ತಾದವನನ್ನ ಇವತ್ತೇ ಕಂಡಿದ್ದು!"