ಸುಬೋಧಪುರದ ಕೈಪಿಡಿ

ಬಹಳ ಹಿಂದೆ, ಎಂದರೆ ಅರಮನೆಗೆ ವೈಫೈ ಬಂದ ಮೇಲೆ, ಆದರೆ ಅದರ ಪಾಸ್‌ವರ್ಡ್ ಯಾರಿಗಾದರೂ ತಿಳಿಯುವ ಮೊದಲು, ಸುಬೋಧಪುರವೆಂಬ ರಾಜ್ಯವೊಂದು ಇತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಪ್ರಗಲ್ಭವರ್ಮ. ಆತ ಪ್ರಜಾವತ್ಸಲ. ಈ ಮಾತನ್ನು ಆತನೇ ಆಗಾಗ ಹೇಳುತ್ತಿದ್ದುದರಿಂದ ಪ್ರಜೆಗಳಿಗೂ ತಿಳಿದಿತ್ತು.

ಆ ರಾಜ್ಯದಲ್ಲಿ ಧಾನ್ಯದ ಉಗ್ರಾಣಗಳ ಬಾಗಿಲು ಕಂಪ್ಯೂಟರಿನ ಆಜ್ಞೆಯಿಂದ ತೆರೆಯುತ್ತಿತ್ತು. ಬೀಗದ ಕೈಗಳು ಕಳ್ಳರ ಪಾಲಾದಾವು ಎಂಬ ಮುಂದಾಲೋಚನೆಯಿಂದ ಮಹಾಮಂತ್ರಿ ಚಾಟುದತ್ತ ಅವನ್ನೆಲ್ಲ ಕರಗಿಸಿ ಮಹಾರಾಜನ ಪುತ್ಥಳಿ ಎರಕ ಹೊಯ್ಯಿಸಿದ್ದ. ಒಂದು ಸೋಮವಾರ ಹಳೆಯ ತಂತ್ರಾಂಶ ಕೆಟ್ಟಿತು. ರಾಗಿ ಒಳಗೆ ಉಳಿಯಿತು, ಜನ ಹೊರಗೆ ಉಳಿದರು.

ಹೊಸ ತಂತ್ರಾಂಶ ಬರೆಯುವ ಕೆಲಸವನ್ನು ಇಲಾಖೆಗಳಿಗೆ ಹಂಚಲಾಯಿತು. ತೂಕದ ಭಾಗವನ್ನು ಒಂದು ಇಲಾಖೆ ಬರೆಯಿತು, ಬಾಗಿಲಿನ ಭಾಗವನ್ನು ಇನ್ನೊಂದು. ಬಾಗಿಲು ತೆರೆಯುವಾಗ ಪರದೆಯ ಮೇಲೆ ಮೂಡಬೇಕಾದ ರಾಜಸ್ತುತಿಯ ಭಾಗವನ್ನು ಆಸ್ಥಾನದ ಕವಿಮಂಡಳಿ ರಚಿಸಿತು. ಈ ತುಂಡುಗಳನ್ನೆಲ್ಲ ಸರಿಯಾದ ಕ್ರಮದಲ್ಲಿ ಜೋಡಿಸಿ ಒಂದೇ ತಂತ್ರಾಂಶವಾಗಿ ಕಟ್ಟಿಕೊಡುವ ಸಾಧನ ಬೇಕಿತ್ತು. ದೂರದ ದ್ವೀಪವೊಂದರ ಕೆಲವು ಹವ್ಯಾಸಿಗಳು ಅಂಥದೊಂದನ್ನು ಮಾಡಿ, 'ಬೆಸುಗೆ' ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿಕೊಳ್ಳಿ ಎಂದು ಲೋಕಕ್ಕೆ ಪುಕ್ಕಟೆಯಾಗಿ ಕೊಟ್ಟಿದ್ದರು.

"ಪುಕ್ಕಟೆಯೆ?" ಮಹಾರಾಜನಿಗೆ ಕಸಿವಿಸಿಯಾಯಿತು. "ಹಾಗಾದರೆ ಟೆಂಡರು ಕರೆಯುವುದು ಹೇಗೆ?"

"ಸಾಧನ ಮಾತ್ರ ಪುಕ್ಕಟೆ, ಪ್ರಭು. ಸ್ವಾಗತ ಸಮಾರಂಭ ಪುಕ್ಕಟೆಯಲ್ಲ," ಎಂದ ಚಾಟುದತ್ತ. ಮಹಾರಾಜನ ಮುಖ ಅರಳಿತು.

ಆನೆಯ ಮೇಲೆ ಮೆರವಣಿಗೆ ನಡೆಯಿತು. ಬೆಸುಗೆ ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ ಅಂಬಾರಿಯಲ್ಲಿ ಚಾಟುದತ್ತನೇ ಕೂತಿದ್ದ.

ಸಮಾರಂಭ ಮುಗಿದ ಮೇಲೆ, ಇದನ್ನು ಯಾರಾದರೂ ಕಲಿಯಬೇಕಲ್ಲವೆ ಎಂಬ ಕ್ಷುಲ್ಲಕ ಪ್ರಶ್ನೆ ಎದ್ದಿತು. ಕೆಲಸ ಅರಮನೆಯ ಹಿರಿಯ ತಂತ್ರಜ್ಞೆ ಪದುಮಲೆಯ ಪಾಲಿಗೆ ಬಂತು. ಪದುಮಲೆ ಬುದ್ಧಿವಂತೆ, ಮುಂಗೋಪಿ. ತನಗೆ ತಿಳಿಯದ ಸಂಗತಿಯೊಂದು ಇದ್ದರೆ ಅದು ಆ ಸಂಗತಿಯದೇ ತಪ್ಪು ಎಂದು ನಂಬಿದವಳು. ಅವಳು ಬೆಸುಗೆಯ ಕೈಪಿಡಿಯನ್ನು ತೆರೆದಳು. ಮೊದಲ ಪುಟದಲ್ಲಿ 'ಬೆಸುಗೆ ಬಹಳ ಸರಳ' ಎಂದಿತ್ತು. ಮುಂದಿನ ಪುಟದಲ್ಲಿ ಪರದೆಯ ಮೇಲೆ 'ನಮಸ್ಕಾರ' ಎಂದು ಮೂಡಿಸುವ ಬಗೆಯನ್ನು ತೋರಿಸಿದ್ದರು. ಅದರ ಮುಂದೆ, 'ದೊಡ್ಡ ಕೆಲಸಗಳನ್ನೂ ಹೀಗೆಯೇ ಮಾಡಿಕೊಳ್ಳಿ' ಎಂದಿತ್ತು. ಅಲ್ಲಿಂದಾಚೆಗೆ 'ಈ ಅಧ್ಯಾಯವನ್ನು ಬರೆಯಬೇಕಾಗಿದೆ' ಎಂದು ಎಲ್ಲ ಅಧ್ಯಾಯಗಳಲ್ಲೂ ಬರೆದಿತ್ತು.

ಪದುಮಲೆ ತನಗೆ ತೋಚಿದ ಕ್ರಮದಲ್ಲಿ ತುಂಡುಗಳ ಹೆಸರು ಬರೆದು ಬೆಸುಗೆಗೆ ಕೊಟ್ಟಳು. 'ಏನೋ ಸರಿಯಿಲ್ಲ' ಎಂದಿತು ಬೆಸುಗೆ. ತಿದ್ದಿ ಕೊಟ್ಟಳು. 'ಇನ್ನೂ ಸರಿಯಿಲ್ಲ' ಎಂದಿತು. ದ್ವೀಪದವರ ಚರ್ಚಾ ವೇದಿಕೆಯಲ್ಲಿ ಕೇಳಿದಳು. 'ಕೈಪಿಡಿ ಓದಿ' ಎಂದು ಒಬ್ಬ ಉತ್ತರಿಸಿದ. ಅಲ್ಲಿಯೇ ಹಿಂದೊಮ್ಮೆ ಯಾರೋ ಇದೇ ಪ್ರಶ್ನೆ ಕೇಳಿದ್ದು ಕಂಡಿತು. ಕೆಳಗೆ ಅವನೇ 'ಹೇಗೋ ಸರಿಹೋಯಿತು, ಎಲ್ಲರಿಗೂ ಧನ್ಯವಾದ' ಎಂದು ಬರೆದು ಹೊರಟುಹೋಗಿದ್ದ. ಹೇಗೆಂದು ಬರೆದಿರಲಿಲ್ಲ. ಪದುಮಲೆ ಆ ಅಪರಿಚಿತನನ್ನು ಜೋರಾಗಿಯೇ ಬೈದಳು. ಕೊನೆಗೆ ಬೆಸುಗೆಯ ಒಳಗನ್ನೇ ಬಿಚ್ಚಿ ನೋಡಿದಳು. ನಟ್ಟನಡುವೆ ಅದನ್ನು ಮಾಡಿದವನ ಟಿಪ್ಪಣಿ ಇತ್ತು: 'ಇದು ಯಾಕೆ ನಡೆಯುತ್ತದೋ ನನಗೂ ಗೊತ್ತಿಲ್ಲ. ಮುಟ್ಟಬೇಡಿ.'

ಹೀಗೆ ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಹೊರಗೆ ಬಂದರೆ ಉಗ್ರಾಣದ ಮುಂದಿನ ಸಾಲಿನಲ್ಲಿ ಅವಳ ಸೋದರತ್ತೆ ಗುಂಡವ್ವ ಚೀಲ ಹಿಡಿದು ನಿಂತಿದ್ದಳು.

"ಏನೇ ಪದ್ದಿ, ಬಾಗ್ಲು ಯಾವಾಗ ತೆಗೀತೀರಿ?"

"ಕಲೀತಾ ಇದೀನಿ ಅತ್ತೆ."

"ಇಷ್ಟು ವರ್ಷ ಓದಿದ್ದು ಸಾಲ್ದೇನೇ?"

"ಓದೋಕೆ ಅವ್ರು ಏನಾದ್ರೂ ಬರ್ದಿರ್ಬೇಕಲ್ಲ. ಸುಲಭ ಅಂತ ಬರ್ದಿದಾರೆ, ಹೆಂಗೆ ಅಂತ ಬರ್ದಿಲ್ಲ."

ಗುಂಡವ್ವ ಅವಳನ್ನೇ ನೋಡಿದಳು. "ಹಿಟ್ಟಿನ ಡಬ್ಬ ತಳ ಕಂಡೈತೆ ಕಣೇ. ಮಕ್ಕಳಿಗೆ ಗಂಜಿ ನೀರು ನೀರಾಗಿ ಕಾಯಿಸ್ತಿದೀನಿ. ನಿಂಗೆ ಬೈಯಾಣ ಅಂತಲೇ ಬಂದೆ. ನಿನ್ನ ಮುಖ ನೋಡಿದ್ರೆ ನೀನೂ ಉಂಡಂಗಿಲ್ಲ."

ಪದುಮಲೆ ಒಳಗೆ ಹೋದಳು. ಉಗ್ರಾಣದ ತಂತ್ರಾಂಶವನ್ನು ಬದಿಗಿಟ್ಟು, ಇಷ್ಟು ದಿನ ಮಕ್ಕಳಾಟವೆಂದು ಕಡೆಗಣಿಸಿದ್ದ 'ನಮಸ್ಕಾರ'ವನ್ನೇ ಎತ್ತಿಕೊಂಡಳು. ಅದನ್ನು ಬೇಕೆಂದೇ ಕೆಡಿಸಿದಳು. ಒಂದು ಸಾಲು ತೆಗೆದರೆ ಬೆಸುಗೆ ಏನೆನ್ನುತ್ತದೆ, ಎರಡು ಸಾಲು ಅದಲುಬದಲು ಮಾಡಿದರೆ ಏನೆನ್ನುತ್ತದೆ ಎಂದು ನೋಡುತ್ತ ಹೋದಳು. ಕೆಡಿಸಿ ಕೆಡಿಸಿ ಅದರ ಸ್ವಭಾವ ತಿಳಿಯಿತು. ಕೊಟ್ಟ ಕೆಲಸವನ್ನು ಬೆಸುಗೆ ಕೊನೆಯಿಂದ ಮೊದಲಿಗೆ ನೋಡುತ್ತಿತ್ತು. ಕಟ್ಟಕಡೆಗೆ ಏನು ಬೇಕೋ ಅದನ್ನು ಮೊದಲು ಹೇಳಬೇಕು, ಅದಕ್ಕೆ ಬೇಕಾದದ್ದನ್ನು ಆಮೇಲೆ. ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು. ಪದುಮಲೆಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು.

ಉಗ್ರಾಣದ ತುಂಡುಗಳನ್ನು ಆ ಪ್ರಕಾರ ಬರೆದಳು. ರಾಜಸ್ತುತಿಯ ಭಾಗ ಮಾತ್ರ ತನಗಿಂತ ಮುಂದೆ ಯಾರೂ ಬರಕೂಡದೆಂದು ಹಟ ಹಿಡಿಯಿತು. ಅದನ್ನು ಎಲ್ಲಕ್ಕಿಂತ ಹಿಂದಕ್ಕೆ ತಳ್ಳಿದಳು. ಬಾಗಿಲು ತೆರೆಯಿತು. ಹೊರಗೆ ಯಾರೂ ಜೈಕಾರ ಹಾಕಲಿಲ್ಲ, ಚೀಲಗಳ ಬಾಯಿ ಬಿಡಿಸಿ ಹಿಡಿದರು.

ಪದುಮಲೆ ಅಷ್ಟಕ್ಕೆ ಬಿಡಲಿಲ್ಲ. ತಾನು ಎಲ್ಲೆಲ್ಲಿ ಮುಗ್ಗರಿಸಿದೆನೆಂಬುದನ್ನೂ ಸೇರಿಸಿ ತಿಳಿಗನ್ನಡದಲ್ಲಿ ಒಂದು ವಿವರಣೆ ಬರೆದು ಎಲ್ಲರಿಗೂ ಸಿಗುವಂತೆ ಹಾಕಿದಳು. ಅದನ್ನು ಓದಿಕೊಂಡು ದೂರದೂರದ ಊರುಗಳವರೂ ತಮ್ಮ ತಮ್ಮ ಉಗ್ರಾಣ ತೆರೆದುಕೊಂಡರು. ಚಾಟುದತ್ತನಿಗೆ ಇದು ಹಿಡಿಸಲಿಲ್ಲ. ಕೈಪಿಡಿಗೆ ಅರ್ಥ ಹೇಳಲೆಂದು ಆತ ಅಷ್ಟರಲ್ಲಿ ಒಂದು ಭಾಷ್ಯಪೀಠವನ್ನು ಮಂಜೂರು ಮಾಡಿಸಿ, ಅದರಲ್ಲಿ ತನ್ನ ಭಾಮೈದುನರನ್ನೆಲ್ಲ ಕೂರಿಸಿದ್ದ.

"ಪ್ರಭು, ಈಕೆ ಬರೆದದ್ದು ಓದಿದವರಿಗೆಲ್ಲ ತಿಳಿಯುತ್ತಿದೆ," ಎಂದು ಸಭೆಯಲ್ಲಿ ದೂರಿದ.

"ಅದು ಒಳ್ಳೆಯದಲ್ಲವೆ?"

"ಒಳ್ಳೆಯದೇ, ಪ್ರಭು. ಆದರೆ ಎಲ್ಲರೂ ತಾವೇ ಬಾಗಿಲು ತೆರೆದುಕೊಂಡರೆ, ಅರಮನೆ ಯಾಕೆ ಬೇಕು ಎಂದು ನಾಳೆ ಯಾವನಾದರೂ ಕೇಳಿಯಾನು."

ಮಹಾರಾಜ ಯೋಚಿಸಿದ. ಅಪರೂಪದ ದೃಶ್ಯವಾದ್ದರಿಂದ ಆಸ್ಥಾನಿಕರು ಎದ್ದು ನಿಂತರು. ಕೊನೆಗೆ ಆತ ಪದುಮಲೆಯ ಕಡೆ ತಿರುಗಿ, "ಮೂಲ ಕೈಪಿಡಿಯಲ್ಲಿ ಏನು ದೋಷವಿದೆ?" ಎಂದ.

"ಅದರಲ್ಲಿ ಏನೂ ಇಲ್ಲ, ಮಹಾಪ್ರಭು."

"ದೋಷವೇನೂ ಇಲ್ಲವೆಂದು ಈಕೆಯೇ ಒಪ್ಪಿದಳು," ಎಂದ ಚಾಟುದತ್ತ.

ಸಭೆ ಚಪ್ಪಾಳೆ ತಟ್ಟಿತು. ಆ ದಿನವೇ ಕೈಪಿಡಿಯನ್ನು ರಾಜ್ಯಗ್ರಂಥವೆಂದು ಸಾರಲಾಯಿತು. ಅದರ ಅರ್ಥ ಹೇಳುವ ಅಧಿಕಾರ ಭಾಷ್ಯಪೀಠಕ್ಕೆ ಮಾತ್ರ. ಪದುಮಲೆಯ ವಿವರಣೆಯನ್ನು ಅಳಿಸಿಹಾಕಿ, ಅವಳಿಗೆ 'ಸ್ಪಷ್ಟತಾ ಸರಸ್ವತಿ' ಎಂಬ ಬಿರುದು ಕೊಟ್ಟು, ಗಜಶಾಲೆಗೆ ವರ್ಗ ಮಾಡಲಾಯಿತು. ಶಾಲು ಹೊದಿಸುವಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ಕಹಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮುಂದೆ ಬೆಸುಗೆಯ ಹೊಸ ಆವೃತ್ತಿ ಬಂತು. ಹಳೆಯ ಕ್ರಮ ಅದಕ್ಕೆ ಒಗ್ಗಲಿಲ್ಲ, ಹೊಸ ಕ್ರಮ ಯಾವುದೆಂದು ಭಾಷ್ಯಪೀಠದವರು ದಿನವೂ ವಾದಕ್ಕೆ ಕೂತರು. ಪೀಠದವರ ವಾದ ಮುಗಿದ ದಿನ ಉಗ್ರಾಣ ತೆರೆಯುತ್ತಿತ್ತು, ಮುಗಿಯದ ದಿನ ಇಲ್ಲ. ಅಂಥ ಒಂದು ತೆರೆದ ದಿನ ಗುಂಡವ್ವ ಚೀಲ ಒಡ್ಡಿದಳು. ಅಳೆದು ಹಾಕಿದ ರಾಗಿಯಿಂದ ಕಾರಕೂನ ಒಂದು ಬೊಗಸೆ ವಾಪಸು ತೆಗೆದುಕೊಂಡ.

"ಇದ್ಯಾಕಪ್ಪ ತೆಗೀತೀಯ?"

"ಅರ್ಥ ತೆರಿಗೆ, ಅಜ್ಜಿ. ಕೈಪಿಡಿ ಅರ್ಥ ಆಗಿದ್ದಕ್ಕೆ."

"ನಂಗೇನೂ ಅರ್ಥ ಆಗಿಲ್ವಲ್ಲಪ್ಪ."

"ಹೌದಾ? ಮೊದ್ಲೇ ಹೇಳ್ಬಾರ್ದಾ," ಎಂದು ಆತ ಇನ್ನೆರಡು ಬೊಗಸೆ ತೆಗೆದ. "ಅರ್ಥ ಆಗದೋರಿಗೆ ದಂಡ ಬೇರೆ ಐತೆ."