ಹೆಂಡತಿ ಕಂಡ ಕಾರುಗಳು

ಭಾನುವಾರದ ಸಂಚಾರಕ್ಕೆ ಇನ್ನು ಮೇಲೆ ಹೆಂಡತಿಯನ್ನೂ ಕರೆದುಕೊಂಡು ಹೋಗಬೇಕೆಂಬ ದಿವ್ಯಾಲೋಚನೆ ಯಜಮಾನರಿಗೆ ಹೊಳೆದದ್ದು ಒಂದು ವರ್ಷದ ಹಿಂದೆ. ಅದಕ್ಕೆ ಮುಂಚೆ ಹತ್ತು ವರ್ಷ ಒಬ್ಬರೇ ಹೋಗುತ್ತಿದ್ದರು. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಮನುಷ್ಯ. ಬೇರೆಯವರು ಹಕ್ಕಿ ನೋಡಲು ಹೋಗುವ ಹಾಗೆ ಇವರು ಹಳೆಯ ಕಾರು ನೋಡಲು ಹೋಗುವವರು. ಬೀದಿ ಬೀದಿ ಅಲೆದು, ಅಪರೂಪದ್ದೊಂದು ಕಣ್ಣಿಗೆ ಬಿದ್ದರೆ ಅದರ ನಂಬರು, ಬಣ್ಣ, ಕಂಡ ಜಾಗ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತಿಂಗಳಿಗೊಮ್ಮೆ ಹಳೆ ಕಾರು ಪ್ರೇಮಿಗಳ ಸಂಘಕ್ಕೆ ಕಳಿಸುವುದೇ ಅವರ ಪರಮ ಪುರುಷಾರ್ಥ. (ಸ್ವಂತ ಕಾರಿತ್ತೇ ಎಂದು ಕೇಳಬೇಡಿ. ಸೈಕಲ್ಲೂ ಇರಲಿಲ್ಲ.)

"ನಡೆದರೆ ನಿನ್ನ ಮಂಡಿಗೆ ಒಳ್ಳೇದು ಕಣೇ," ಎಂದರು ಹೆಂಡತಿಗೆ.

ನಿಜವಾದ ಕಾರಣ ಬೇರೆ. ಅವರ ಕಣ್ಣು ಕೈಕೊಡುತ್ತಿತ್ತು. ಎಡಗಡೆಯಿಂದ ಬರುವ ಬಸ್ಸು ಪಕ್ಕದಲ್ಲೇ ಹಾರನ್ ಹೊಡೆದ ಮೇಲೆ ಗೊತ್ತಾಗುತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಅವರು ಏನಾದರೂ ಹೇಳಿಬಿಡುತ್ತಾರೆ, ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯಕ್ಕೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಮನೆಯಲ್ಲೇ ಇನ್ನೊಂದು ಜೊತೆ ಕಣ್ಣು ಪುಕ್ಕಟೆ ಇರುವಾಗ ಆಸ್ಪತ್ರೆ ಏಕೆ?

ಆಕೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ನಿಂತೇ ದುಡಿದವರು. ಮಂಡಿ ಸವೆದಿತ್ತು; ಬಣ್ಣಗಳ ಹೆಸರು ಮಾತ್ರ ಇನ್ನೂ ನಾಲಿಗೆಯ ತುದಿಯಲ್ಲಿದ್ದವು. ಮೊದಲ ಎರಡು ವಾರ ಕಂಡದ್ದನ್ನು ಕಂಡ ಹಾಗೆ ಹೇಳಿದರು. ವಿಶೇಷದ್ದೇನೂ ಕಾಣದೆ ಹೋದಾಗ ಯಜಮಾನರು "ಇನ್ನೊಂದು ಬೀದಿ," "ಇದೊಂದೇ ತಿರುವು," ಎನ್ನುತ್ತ ಮಧ್ಯಾಹ್ನದವರೆಗೆ ಅಲೆಸಿದರು. ಮೂರನೆಯ ವಾರ ಲಾಂಡ್ರಿ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಆಕೆಯ ಮಂಡಿ ಮುಷ್ಕರ ಹೂಡಿತು.

"ಅಗೋ ರೀ! ಲಾಂಡ್ರಿ ಮುಂದಿಂದ ಹೋಗ್ತಾ ಇದೆ ನೋಡಿ! ಪಾಚಿ ಹಸಿರು, ಸೊಂಟದ ಸುತ್ತ ಕೆನೆಬಣ್ಣದ ಪಟ್ಟಿ. ಎರಡು ಬಾಗಿಲ ಹಿಡಿಗಳೂ ಅಕ್ಕಪಕ್ಕ, ನಮ್ಮ ಬೀರು ಥರ!"

"ಹೌದು ಹೌದು, ನೋಡಿದೆ," ಎಂದರು ಯಜಮಾನರು, ಖಾಲಿ ರಸ್ತೆಯತ್ತ ಮುಖ ಮಾಡಿ. "ಹಿಂದಿನ ದೀಪದ ಅಂದ ನೋಡಿದ್ಯಾ? ಈಗಿನವರು ಹಾಗೆ ಮಾಡ್ತಾರಾ?"

ಬರೆದುಕೊಂಡರು. ಹತ್ತೂವರೆಗೆಲ್ಲ ಮನೆ. ಆಕೆ ಬಿಸಿನೀರಿನ ಚೀಲವನ್ನು ಮಂಡಿಗಿಟ್ಟುಕೊಂಡು, ನಾನು ಎಳ್ಳಷ್ಟು ಸುಳ್ಳು ಹೇಳಿದರೆ ಪಟ್ಟಿ ತುಂಬಿಸುವ ಆಸೆಗೆ ಇವರು ಗುಡ್ಡದಷ್ಟು ಹೇಳುತ್ತಾರಲ್ಲ ಎಂದು ಒಳಗೊಳಗೇ ನಕ್ಕರು. ಅಲ್ಲಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಒಂದು ಕಾರು ಪ್ರತ್ಯಕ್ಷವಾಗತೊಡಗಿತು. ಬದನೆಕಾಯಿ ಬಣ್ಣದ್ದು, ತಾಮ್ರದ ಬಣ್ಣದ್ದು, ಮೂರೇ ಚಕ್ರದ್ದು. ಹಸಿರಿನದು ಆಕೆಗೆ ಅಚ್ಚುಮೆಚ್ಚು. ಅದು ಲಾಂಡ್ರಿ ಮುಂದೆ ನಾಲ್ಕು ಸಲ ಹಾದುಹೋಯಿತು.

ವರ್ಷ ಕಳೆಯುವಷ್ಟರಲ್ಲಿ ಯಜಮಾನರಿಗೆ ಕಾರು ಹಾಗಿರಲಿ, ರಸ್ತೆಯೇ ನೆಟ್ಟಗೆ ಕಾಣುತ್ತಿರಲಿಲ್ಲ. ಸಂಘದ ಪತ್ರಿಕೆಯಲ್ಲಿ ಮಾತ್ರ ಇಂಥ ಸೂಕ್ಷ್ಮದೃಷ್ಟಿಯ ಸದಸ್ಯರು ಮತ್ತೊಬ್ಬರಿಲ್ಲ ಎಂದು ಅಚ್ಚಾಯಿತು.

ಆಗ ಬಂದರು ಸಂಘದ ಕಾರ್ಯದರ್ಶಿಗಳು. ಭಾರಿ ಆಸಾಮಿ; ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಲ್ಲಿ ಕ್ಯಾಮೆರಾ. ಆ ಹಸಿರು ಕಾರಿನಂಥವು ಪ್ರಪಂಚದಲ್ಲಿ ಉಳಿದಿರುವುದೇ ಆರಂತೆ. ಏಳನೆಯದರ ಫೋಟೋ ಹಿಡಿಯಲು ಗಂಡ ಹೆಂಡಿರನ್ನು ಲಾಂಡ್ರಿಗೆ ಹೊರಡಿಸಿದರು. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ ಸಾರ್, ಅಂಥದ್ದು ಒಂದನ್ನೂ ಕಂಡಿಲ್ಲ," ಎಂದ.

ಲಾಂಡ್ರಿ ಬಾಗಿಲ ತುಂಬ ನಿಂತಿದ್ದ ಕಾರ್ಯದರ್ಶಿಗಳು ಮುಖ ಗಂಟಿಕ್ಕಿದರು. "ಏನ್ರೀ ಇದು? ಬರೀ ಸುಳ್ಳು ಬರೆದು ಕಳಿಸಿದ್ರಾ?"

"ಸುಳ್ಳಾ? ನನ್ನ ಹೆಂಡತೀನ ಕೇಳಿ! ಕಣ್ಣಾರೆ ನೋಡಿದಾಳೆ!"

ಆಕೆ ಕೈಚೀಲದ ಹಿಡಿಯನ್ನು ತಿರುಚಿದರು. "ಕಾರೂ ಇಲ್ಲ, ಗೀರೂ ಇಲ್ಲ ಸಾರ್. ನನಗೆ ಮಂಡಿ ನೋವು. ಒಂದು ಕಾರು ಸಿಗೋ ತನಕ ಇವರು ಮನೆ ಕಡೆ ತಿರುಗಲ್ಲ. ಅದಕ್ಕೇ ವಾರಕ್ಕೊಂದು ನಾನೇ ಹುಟ್ಟಿಸ್ತಿದ್ದೆ." ಅಷ್ಟು ಹೇಳಿದ ಮೇಲೆ ಆಕೆಗೇ ಏನೋ ಹೊಳೆಯಿತು. "ಅದ್ಸರಿ, ನೀವ್ಯಾಕ್ರೀ ಪ್ರತಿ ಸಲ ನೋಡಿದೆ ನೋಡಿದೆ ಅಂದ್ರಿ?"

"ಅದು... ಬಿಸಿಲು..."

"ಲಾಂಡ್ರಿ ಬಾಗಿಲಲ್ಲಿ ಈಗ ಏನಿದೆ ಹೇಳಿ."

ಯಜಮಾನರು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಬಿಳಿ ವ್ಯಾನು," ಎಂದರು. "ಹೊಸ ಮಾಡೆಲ್ಲು. ನಮಗೆ ಬೇಡ."

ವ್ಯಾನು ನಿಧಾನವಾಗಿ ಕೊರಳಿಂದ ಕ್ಯಾಮೆರಾ ತೆಗೆಯಿತು. ಯಾರೂ ನಗಲಿಲ್ಲ.

ಕಣ್ಣಿನ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. "ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ. ಎಡಗಣ್ಣು ಹೋಯ್ತು. ಬಲಗಣ್ಣಲ್ಲಿ ಚೂರುಪಾರು ಇರೋದನ್ನ ಹನಿ ಹಾಕಿ ಕಾಪಾಡ್ಕೊಬೇಕು, ಅಷ್ಟೆ. ಒಂದು ವರ್ಷ ಮುಂಚೆ ಬಂದಿದ್ರೆ ಎರಡನ್ನೂ ಉಳಿಸ್ಬಹುದಿತ್ತು."

ಒಂದು ವರ್ಷ ಎಂದ ಕೂಡಲೆ ಇಬ್ಬರೂ ತಲೆ ತಗ್ಗಿಸಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆ ಅತ್ತೇಬಿಟ್ಟರು. "ನೀವು ನೋಡಿದೆ ಅಂದ ಅವತ್ತೇ ಅಲ್ಲೇನೂ ಇಲ್ಲ ಅಂದಿದ್ರೆ ನಿಮ್ಮ ಬಂಡವಾಳ ಬಯಲಾಗಿರೋದು. ಇನ್ಮೇಲೆ ಇದ್ದದ್ದನ್ನ ಇದ್ದ ಹಾಗೇ ಹೇಳ್ತೀನಿ ರೀ."

ಕಣ್ಣೊರೆಸಿಕೊಂಡು ಮುಂದೆ ನೋಡಿದವರು ಅಲ್ಲೇ ನಿಂತರು. ಗೇಟಿನ ಹೊರಗೆ ಒಂದು ಕಾರು ನಿಂತಿತ್ತು. ಪಾಚಿ ಹಸಿರು. ಸೊಂಟದ ಸುತ್ತ ಕೆನೆಬಣ್ಣದ ಪಟ್ಟಿ. ಎರಡು ಬಾಗಿಲ ಹಿಡಿಗಳೂ ಅಕ್ಕಪಕ್ಕ.

"ರೀ... ಹಸಿರು ಕಾರು... ಅದೇ ರೀ, ನಾನು ಹೇಳ್ತಿದ್ನಲ್ಲ..."

"ಸಾಕು ಕಣೇ," ಎಂದರು ಯಜಮಾನರು ಮೆಲ್ಲಗೆ. ಅವರಿಗೆ ಕೋಪ ಬಂದಿರಲಿಲ್ಲ, ಸುಸ್ತಾಗಿತ್ತು. "ಮಂಡಿ ನೋವಾದ್ರೆ ನೋವು ಅನ್ನು. ಟ್ಯಾಕ್ಸೀಲೇ ಹೋಗೋಣ."

"ನನ್ನಾಣೆ ರೀ! ನಾಲ್ಕೇ ಹೆಜ್ಜೆ. ಕೈಯಿಂದ ಮುಟ್ಟಿಯಾದ್ರೂ ನೋಡಿ!"

ಅವರು ಆಕೆಯ ತೋಳು ಹಿಡಿದು ಮೆಟ್ಟಿಲ ಹತ್ತಿರವೇ ನಿಂತಿದ್ದ ಟ್ಯಾಕ್ಸಿಯೊಳಗೆ ಕೂರಿಸಿ, ತಾವೂ ಕೂತು ಬಾಗಿಲೆಳೆದುಕೊಂಡರು. ಅಷ್ಟರಲ್ಲಿ ಎಡಗಡೆ ಒಂದು ಎಂಜಿನ್ ಎರಡು ಸಲ ಕೆಮ್ಮಿ, ದಪ್ಪ ದನಿಯಲ್ಲಿ ಹದವಾಗಿ ಗುಡುಗತೊಡಗಿತು. ಮೂವತ್ತೈದು ವರ್ಷ ಎಂಜಿನ್‌ಗಳ ಎದೆಬಡಿತ ಕೇಳಿದ ಕಿವಿ. ಅಂಥ ಎಂಜಿನ್ ಮಾಡುವುದನ್ನು ನಿಲ್ಲಿಸಿ ಅರವತ್ತು ವರ್ಷವಾಗಿತ್ತು.

ಯಜಮಾನರು ಥಟ್ಟನೆ ಎಡಕ್ಕೆ ತಿರುಗಿದರು. ಅವರ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ, ಬರೀ ಮಬ್ಬು. ಜೇಬೆಲ್ಲ ತಡಕಿ ನೋಟ್‌ಬುಕ್ ಹೊರಗೆಳೆದರು.

"ನಂಬರು! ನಂಬರು ಹೇಳೇ, ಬೇಗ!"

ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು.

"ಹೋಯ್ತು ರೀ," ಎಂದರು. ಈ ಸಲವೂ ಆಕೆ ಹೇಳಿದ್ದು ನಿಜವೇ.