ಸೋರದ ಕೀಶ್

ಟ್ಯಾಂಕಪ್ಪ ತನ್ನ ಹೆಂಡತಿಯನ್ನು ಮೊದಲ ಸಲ ನೋಡಿದ್ದು ಒಂದು ಶಾಲೆಯ ತಾರಸಿಯ ಮೇಲೆ.

ಟ್ಯಾಂಕಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕುಗಳನ್ನು ಪರೀಕ್ಷಿಸಿ ಪಾಸು, ಫೇಲು ಮಾಡುವ ಎಂಜಿನಿಯರನಿಗೆ ಕಚೇರಿಯವರು ಪ್ರೀತಿಯಿಂದ ದಯಪಾಲಿಸಿದ ಬಿರುದು. ಅಂದು ಅವನು ಶಾಲೆಯ ಹೊಸ ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಾವಿಗೆ ಕೂತ ಕೋಳಿಯ ಹಾಗೆ ಅದರ ಪಕ್ಕದಲ್ಲೇ ಕೂತಿದ್ದ. ಆಗ ಕಬ್ಬಿಣದ ಏಣಿಯ ತುದಿಯಲ್ಲಿ ಮೊದಲು ಒಂದು ಒದ್ದೆ ತಲೆ ಕಾಣಿಸಿತು. ಆಮೇಲೆ ಹನಿ ಹನಿ ತೊಟ್ಟಿಕ್ಕುವ ಕನ್ನಡಕ. ಅದರ ಹಿಂದೆಯೇ, ಕಂಕುಳಲ್ಲಿ ಸುತ್ತಿ ಹಿಡಿದ ಒಂದು ಪ್ರಪಂಚದ ಭೂಪಟ. ಅದರ ಸಮುದ್ರಗಳಿಂದೆಲ್ಲ ನಿಜವಾದ ನೀರು ಸುರಿಯುತ್ತಿತ್ತು.

“ಇಲ್ಲಿ ನೀರು ಬಿಟ್ಟಿರೋ ಮಹಾನುಭಾವರು ಯಾರು?”

“ನಾನೇ ಮೇಡಂ!” ಟ್ಯಾಂಕಪ್ಪ ಸಂಭ್ರಮದಿಂದ ಎದ್ದು ನಿಂತ. “ಸೋರ್ತಾ ಇದೆಯಾ? ನಿಜವಾಗ್ಲೂ? ಎಲ್ಲಿಂದ?”

“ನನ್ನ ತಲೆ ಮೇಲಿಂದ!”

“ತುಂಬಾ ಉಪಕಾರ ಆಯ್ತು ಮೇಡಂ. ಬೆಳಿಗ್ಗೆಯಿಂದ ಅದನ್ನೇ ಹುಡುಕ್ತಾ ಇದ್ದೆ. ಸ್ವಲ್ಪ ಕೆಳಗೆ ಹೋಗಿ, ಅದೇ ಜಾಗದಲ್ಲಿ, ಹಾಗೇ ನಿಂತ್ಕೊಳ್ತೀರಾ? ಗುರುತು ಹಾಕ್ಕೋಬೇಕು.”

ಬೈಯಲೆಂದೇ ಏಣಿ ಹತ್ತಿದ್ದ ಭೂಗೋಳದ ಟೀಚರಮ್ಮ ಅವನ ಮುಖವನ್ನೇ ನೋಡಿದಳು. ಅದರಲ್ಲಿ ಕುಚೋದ್ಯದ ಸುಳಿವೂ ಇರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. “ತಲೆ ಮೇಲೆ ನೀರು ಸುರಿದು ಥ್ಯಾಂಕ್ಸ್ ಹೇಳಿದ ಗಂಡಸನ್ನ ಇವತ್ತೇ ನೋಡಿದ್ದು ಅಕ್ಕಾ” ಎಂದು ಅಂದೇ ಅಕ್ಕನಿಗೆ ಫೋನು ಮಾಡಿದಳಂತೆ. ಮುಂದಿನದು ಮದುವೆ.

ಮದುವೆಯಾದ ಮಾತ್ರಕ್ಕೆ ಟ್ಯಾಂಕಪ್ಪನ ಧರ್ಮ ಬದಲಾಗಲಿಲ್ಲ. ನೀರು ತುಂಬಿಸಿ ನೋಡದೆ ಜಗತ್ತಿನ ಯಾವ ಪಾತ್ರೆಯನ್ನೂ ನಂಬಕೂಡದು! ಮನೆಗೆ ಬಂದ ಬಕೆಟ್ಟು, ಫ್ಲಾಸ್ಕು, ಹೂಜಿ ಎಲ್ಲವೂ ಪರೀಕ್ಷೆಗೆ ಕೂರಲೇಬೇಕಿತ್ತು. ಒಮ್ಮೆ ಮಳೆಗಾಲಕ್ಕೆಂದು ಕೊಂಡ ಹೊಸ ಬೂಟುಗಳಿಗೂ ನೀರು ತುಂಬಿಸಿಟ್ಟು, ಒಂದು ಹನಿಯೂ ಸೋರಲಿಲ್ಲವೆಂದು ಬೀಗಿ, ಆ ಒದ್ದೆ ಬೂಟಿನಲ್ಲೇ ಪಚಪಚ ಸದ್ದು ಮಾಡುತ್ತ ಕಚೇರಿಗೆ ಹೋಗಿದ್ದ. ಅಂದು ಮಳೆ ಬರಲಿಲ್ಲ.

ಇಂಥವನು ಅಡಿಗೆಮನೆಗೆ ಕಾಲಿಡಲು ಒಂದು ಘನವಾದ ಕಾರಣವಿತ್ತು. ಅವನ ಹೆಂಡತಿಗೆ ಕೂರಲು ಬರುತ್ತಿರಲಿಲ್ಲ. ಮನೆಗೆ ಯಾರೇ ಬರಲಿ, ಅವಳ ಒಂದು ಕಾಲು ನಡುಮನೆಯಲ್ಲಿ, ಇನ್ನೊಂದು ಅಡಿಗೆಮನೆಯಲ್ಲಿ. ಬಂದವರು ತಿಂದು ಕೈ ತೊಳೆಯುವ ಹೊತ್ತಿಗೆ ಅವಳು ಒಲೆಯ ಪಕ್ಕ ನಿಂತೇ ಏನೋ ಒಂದಿಷ್ಟು ಬಾಯಿಗೆ ಹಾಕಿಕೊಂಡಿರುತ್ತಿದ್ದಳು. ಬರುವ ರಜೆಗೆ ಅಕ್ಕ, ಭಾವ ಬೆಳಗಿನ ತಿಂಡಿಗೆ ಬರುವವರಿದ್ದರು. ಫೋನಿನಲ್ಲಿ ಅಕ್ಕ ಹೇಳಿದ ಮಾತು ಟ್ಯಾಂಕಪ್ಪನ ಕಿವಿಗೂ ಬಿತ್ತು.

“ನಿನ್ನ ಮನೆಗೆ ಬಂದ್ರೆ ನಿನ್ನ ಬೆನ್ನು ಮಾತ್ರ ಕಾಣುತ್ತೆ ಕಣೇ. ಒಂದು ಸಲನಾದ್ರೂ ಮುಖ ತೋರಿಸು.”

ಹೆಂಡತಿ ನಕ್ಕಳು. ಫೋನಿಟ್ಟು ಮತ್ತೆ ಒಲೆಯ ಕಡೆ ತಿರುಗಿದಳು. ಆ ಬೆನ್ನು ಟ್ಯಾಂಕಪ್ಪನ ಎದೆಗೆ ನಾಟಿತು. ಮೇಜು ಕುಟ್ಟಿ ಘೋಷಿಸಿಯೇ ಬಿಟ್ಟ.

“ಈ ಸಲ ರಜೆಯ ತಿಂಡಿ ನನ್ನದು! ನೀನು ಅಕ್ಕನ ಪಕ್ಕ ಕೂರ್ಬೇಕು. ಮೊದಲಿಂದ ಕೊನೇವರೆಗೂ. ಏಳೋ ಹಾಗೇ ಇಲ್ಲ.”

“ಏನ್ ಮಾಡ್ತೀರಿ? ಬ್ರೆಡ್ಡಿಗೆ ಜಾಮಾ?”

“ಕೀಶ್!”

“ಏನದು?”

“ಹಿಟ್ಟಿನಲ್ಲಿ ಬಟ್ಟಲು ಮಾಡಿ, ಅದರೊಳಗೆ ಮೊಟ್ಟೆ, ಕೆನೆ, ಚೀಸ್ ಹುಯ್ದು ಓವನ್ನಿನಲ್ಲಿ ಬೇಯಿಸೋದು. ವಿಡಿಯೋ ನೋಡಿದೆ, ಬಹಳ ಸುಲಭ. ಯೋಚನೆ ಮಾಡು: ತಳ ಇದೆ, ಸುತ್ತ ಗೋಡೆ ಇದೆ, ಒಳಗೆ ದ್ರವ ಇದೆ. ಅಂದ್ರೆ ಅದೇನು? ಟ್ಯಾಂಕು ಕಣೇ, ಟ್ಯಾಂಕು! ಊರಿಗೆ ನೀರು ಹಿಡಿಯೋ ಟ್ಯಾಂಕನ್ನೇ ಪಾಸ್ ಮಾಡೋನಿಗೆ ಇದ್ಯಾವ ಲೆಕ್ಕ?”

“ಆಯ್ತು ಮಹಾರಾಯ್ರೇ. ಅಡಿಗೆಮನೆ ಒಂದು ಉಳಿದ್ರೆ ಸಾಕು.”

ರಜೆಯ ಬೆಳಿಗ್ಗೆ ಟ್ಯಾಂಕಪ್ಪ ಸ್ನಾನ ಮಾಡಿ, ಇಸ್ತ್ರಿಯ ಅಂಗಿಯ ಮೇಲೆ ಹೆಂಡತಿಯ ಹೂವಿನ ಚಿತ್ರದ ಏಪ್ರನ್ ಕಟ್ಟಿ, ಅಡಿಗೆಮನೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡ. ಹೆಂಡತಿ ಒಳಗೆ ನುಗ್ಗಿದರೆ ಕೊಟ್ಟ ಮಾತು ಹೋಯಿತಲ್ಲ! ಕೀಶಿಗೆಂದೇ ಕೊಂಡ ಹೊಸ ತಟ್ಟೆ ಕಟ್ಟೆಯ ಮೇಲೆ ಮಿರಿಮಿರಿ ಮಿಂಚುತ್ತಿತ್ತು. ಅವನು ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆ ಉಜ್ಜಿ, ನಾದಿ, ಲಟ್ಟಿಸಿ, ತಟ್ಟೆಯೊಳಗೆ ಹಾಸಿದ. ಗೋಡೆಯ ದಪ್ಪ ಎಲ್ಲ ಕಡೆಯೂ ಒಂದೇ ಸಮ! ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮೊಬೈಲಿನೊಳಗಿನ ಅಡಿಗೆಯಾಕೆ ನಗುನಗುತ್ತ ಹೇಳಿದಳು: “ಈಗ ಫೋರ್ಕ್ ತಗೊಂಡು ತಳಕ್ಕೆಲ್ಲ ಚೆನ್ನಾಗಿ ತೂತು ಮಾಡಿ.”

ಟ್ಯಾಂಕಪ್ಪ ಬೆಚ್ಚಿಬಿದ್ದ. ಟ್ಯಾಂಕಿನ ತಳಕ್ಕೆ ತೂತೇ? ಇಷ್ಟು ವರ್ಷದ ನೌಕರಿಯಲ್ಲಿ ಎಂಥೆಂಥ ಕಂಟ್ರಾಕ್ಟರುಗಳನ್ನು ಕಂಡಿದ್ದರೂ, ತಳಕ್ಕೆ ತಾವಾಗಿಯೇ ತೂತು ಕೊರೆದು, ಅದನ್ನು ನಗುತ್ತ ಹೇಳಿಕೊಂಡವರನ್ನು ಕಂಡಿರಲಿಲ್ಲ. “ನನ್ನ ಪ್ರಾಣ ಹೋದ್ರೂ ಸಾಧ್ಯವಿಲ್ಲಮ್ಮ” ಎಂದು ಮೊಬೈಲಿಗೆ ಹೇಳಿ, ಒಂದೂ ತೂತಿಲ್ಲದ ಬಟ್ಟಲನ್ನು ಓವನ್ನಿಗಿಟ್ಟ.

ತೂತಿಲ್ಲದ ತಳ ತನ್ನ ಕೋಪ ತೋರಿಸಿತು. ಒಳಗೆ ಸಿಕ್ಕಿಕೊಂಡ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲದೆ ತಳವೆಲ್ಲ ಬೋಳುತಲೆಯಂತೆ ಗುಮ್ಮಟವಾಗಿ ಎದ್ದು ನಿಂತಿತು! ಟ್ಯಾಂಕಪ್ಪ ಸೌಟು ತೆಗೆದುಕೊಂಡು ಗುಮ್ಮಟವನ್ನು ಮೆಲ್ಲಗೆ ಅದುಮಿದ. ಗುಮ್ಮಟ ಇಳಿಯಿತು, ಅಡ್ಡಡ್ಡಲಾಗಿ ಒಂದು ಬಿರುಕು ಬಿಟ್ಟಿತು. ಅಂಚುಗಳೂ ಅಷ್ಟರಲ್ಲಿ ಕಪ್ಪಗಾಗಿದ್ದವು.

“ರೀ, ಏನೋ ಸುಟ್ಟ ವಾಸನೆ?” ಬಾಗಿಲಾಚೆಯಿಂದ ಹೆಂಡತಿ.

“ಏನಿಲ್ಲ! ಕೂತ್ಕೋ!”

“ಕೂತೇ ಇದ್ದೀನಿ. ಮೂಗು ಮಾತ್ರ ಎದ್ದು ಬಂದಿದೆ.”

ಬಿರುಕೆಂದರೆ ಟ್ಯಾಂಕಪ್ಪನಿಗೆ ಹೊಸದೇ? ಉಳಿದ ಹಿಟ್ಟನ್ನು ಗಾರೆಯಂತೆ ಮೆತ್ತಿ, ಚಮಚದ ಹಿಂಬದಿಯಿಂದ ನಯ ಮಾಡಿ, ಮತ್ತೊಮ್ಮೆ ಓವನ್ನಿಗಿಟ್ಟು ತೆಗೆದ. ಆಗ ಅಡಿಗೆಯಾಕೆ, “ಬಿರುಕಿದ್ದರೆ ಹಾಕಿದ್ದೆಲ್ಲ ಸೋರಿಹೋಗುತ್ತೆ, ಒಮ್ಮೆ ನೋಡಿಕೊಳ್ಳಿ” ಅಂದಳು. ಬೇರೆ ಯಾರಾದರೂ ಆಗಿದ್ದರೆ ಬಗ್ಗಿ ಕಣ್ಣಿನಿಂದ ನೋಡುತ್ತಿದ್ದರು. ಟ್ಯಾಂಕಪ್ಪ ನಲ್ಲಿಯ ಕಡೆ ನಡೆದ.

ಬಟ್ಟಲಿಗೆ ಅಂಚಿನವರೆಗೆ ನೀರು ತುಂಬಿಸಿದ. ನೀರು ಮುಟ್ಟಿದಷ್ಟು ಎತ್ತರಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿದ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ಸ್ವಲ್ಪ ಹೊತ್ತಿಗೆ ನೀರು ಇಳಿಯತೊಡಗಿತು. ಟ್ಯಾಂಕಪ್ಪ ತಟ್ಟೆಯ ಸುತ್ತ ಬೆರಳಾಡಿಸಿದ. ಒಣಗಿದೆ! ಸೋರುತ್ತಿಲ್ಲ, ಆದರೂ ಇಳಿಯುತ್ತಿದೆ! ಇಲಾಖೆಯ ಚರಿತ್ರೆಯಲ್ಲೇ ಇಂಥದ್ದು ನಡೆದಿರಲಿಲ್ಲ. ಇನ್ನಷ್ಟು ನೀರು ಹುಯ್ದ. ಅದೂ ಇಳಿಯಿತು. ಬಟ್ಟಲು ಮೌನವಾಗಿ ಕುಡಿಯುತ್ತಿದೆ, ಕುಡಿದು ಉಬ್ಬುತ್ತಿದೆ ಅನ್ನುವುದು ಆ ಮಹಾ ಪರೀಕ್ಷಕನ ಬುದ್ಧಿಗೆ ಹೊಳೆಯಲೇ ಇಲ್ಲ. ತಳದಲ್ಲೇ ಏನೋ ಗುಟ್ಟಿದೆ, ಎತ್ತಿ ನೋಡಿಯೇ ಬಿಡೋಣವೆಂದು ಅಂಗೈಯನ್ನು ತಟ್ಟೆಯ ಅಡಿಗೆ ಕೊಟ್ಟು ಎತ್ತಿದ.

ಕೀಶಿನ ತಟ್ಟೆಗಳ ತಳವೂ ಸುತ್ತಿನ ಬಳೆಯೂ ಬೇರೆ ಬೇರೆ ಬಿಚ್ಚಿಕೊಳ್ಳುತ್ತವೆ ಎಂದು ಅಂಗಡಿಯವನು ಹೇಳಿರಲಿಲ್ಲ.

ಬಳೆ ಸರ್ರನೆ ಜಾರಿ ಟ್ಯಾಂಕಪ್ಪನ ಮೊಣಕೈಗೆ ಬಂದು ಕೂತಿತು. ಗೋಡೆಗಳು ನಾಲ್ಕೂ ದಿಕ್ಕಿಗೆ ಮಲಗಿಕೊಂಡವು. ನೀರು, ಹಿಟ್ಟು, ಬೆಣ್ಣೆ ಒಂದಾಗಿ ಅವನ ಏಪ್ರನ್ನಿನ ಮೇಲಿಂದ ಇಳಿದು, ಚಪ್ಪಲಿ ತುಂಬಿ, ಬಾಗಿಲಿನ ಕಡೆಗೆ ಪ್ರಯಾಣ ಬೆಳೆಸಿದವು. ತಳದ ತಗಡು ಕೈತಪ್ಪಿ ಠಣ್ಣೆಂದು ಬಿತ್ತು.

“ರೀ! ಏನದು ಸದ್ದು?”

“ಟೆಸ್ಟಿಂಗು!”

“ಬಾಗಿಲ ಕೆಳಗಿಂದ ಹಾಲಿನಂಥದ್ದು ಹರಿದು ಬರ್ತಾ ಇದೆಯಲ್ರೀ?”

“ಬರಲಿ ಬಿಡು! ನೀನು ಏಳ್ಬೇಡ!”

ಸರಿಯಾಗಿ ಅದೇ ಹೊತ್ತಿಗೆ ಕರೆಗಂಟೆ ಮೊಳಗಿತು. ಅಕ್ಕನ ದನಿ, ಅದರ ಹಿಂದೆ ಅವಳ ಗಂಡನ ಬೂಟಿನ ಸದ್ದು. ಟ್ಯಾಂಕಪ್ಪನ ಈ ಷಡ್ಡಕ ಅಗ್ನಿಶಾಮಕ ದಳದಲ್ಲಿ ಅಧಿಕಾರಿ. ಆ ಮೂಗಿಗೆ ಎರಡು ಬೀದಿ ಆಚೆಯ ಬೆಂಕಿಕಡ್ಡಿಯೂ ಗೊತ್ತಾಗುತ್ತಿತ್ತು. ಕುರ್ಚಿಯ ಮೇಲೆ ಕೂರದೆ ನೇರವಾಗಿ ಬಂದು ಅಡಿಗೆಮನೆಯ ಬಾಗಿಲು ಬಡಿದ.

“ತೆಗೀಯಪ್ಪಾ! ಹೊಗೆ ವಾಸನೆ ಇದೆ. ಒಳಗೆ ಎಷ್ಟು ಜನ ಸಿಕ್ಕಿಹಾಕ್ಕೊಂಡಿದ್ದಾರೆ?”

“ನಾನೊಬ್ಬನೇ ಭಾವ!”

ಹೆಂಡತಿಯೂ ಎದ್ದಳೇನೋ, “ಕೂರೇ ಸುಮ್ನೆ! ನಿನ್ನ ಮುಖ ನೋಡೋಕೆ ಬಂದಿರೋದು ನಾನು” ಎಂದು ಅಕ್ಕ ಗದರಿದ್ದು ಕೇಳಿಸಿತು. ಟ್ಯಾಂಕಪ್ಪ ಬಾಗಿಲು ಒಂದಿಷ್ಟೇ ತೆರೆದು, ಷಡ್ಡಕನನ್ನು ಒಳಗೆಳೆದುಕೊಂಡು, ಮತ್ತೆ ಚಿಲಕ ಹಾಕಿದ. ಷಡ್ಡಕ ನೆಲ ನೋಡಿದ. ಟ್ಯಾಂಕಪ್ಪನ ತೋಳಿನ ಬಳೆ ನೋಡಿದ. ಮುಖ ಸಣ್ಣದಾಯಿತು.

“ನೀರು ಆಗ್ಲೇ ಹೊಡೆದುಬಿಟ್ಯಾ? ನನ್ನನ್ನ ಬಿಟ್ಟು?”

ಟ್ಯಾಂಕಪ್ಪ ಎಲ್ಲವನ್ನೂ ಪಿಸುದನಿಯಲ್ಲಿ ವಿವರಿಸಿದ. ಕೊನೆಗೆ ಕೈ ಮುಗಿದ. “ಭಾವ, ಇವತ್ತೊಂದು ದಿನ ಅವಳು ಕುರ್ಚಿಯಿಂದ ಏಳಬಾರದು. ಎದ್ದು ಇಲ್ಲಿಗೆ ಬಂದ್ಲು ಅಂದ್ರೆ ಮುಗೀತು, ಮತ್ತೆ ಅವಳೇ ಒಲೆ ಮುಂದೆ ನಿಂತ್ಕೋತಾಳೆ. ನನ್ನ ಮಾತು ಉಳಿಸಿ.”

“ಮೊದಲೇ ಹೇಳಬಾರದಾ!” ಷಡ್ಡಕ ಅಂಗಿಯ ತೋಳು ಮಡಚಿದ. ಗೋಡೆಯ ಹೊಗೆ ಫ್ಯಾನು ಹಾಕಿದ. ಅದು ವಿಮಾನದಂತೆ ಮೊರೆಯಿತು. “ಇದು ತುರ್ತು ಕಾರ್ಯಾಚರಣೆ. ನೀನು ಹಿಟ್ಟು, ನಾನು ಓವನ್.”

ಎರಡನೆಯ ಬಟ್ಟಲು ತಯಾರಾಯಿತು. ಈ ಸಲ ಟ್ಯಾಂಕಪ್ಪ ಕಣ್ಣು ಮುಚ್ಚಿಕೊಂಡು ಫೋರ್ಕಿನಿಂದ ತೂತು ಮಾಡಿದ. ಒಣ ಬಟ್ಟಲನ್ನು ಬೇಯಿಸಿಕೊಂಡು, ಹುರಿದ ಈರುಳ್ಳಿ, ಪಾಲಕ್ಕು, ತುರಿದ ಚೀಸ್ ಹರಡಿ, ಮೇಲೆ ಮೊಟ್ಟೆ ಕೆನೆ ಕದಡಿದ್ದನ್ನು ಹುಯ್ದ. ಓವನ್ನಿಗೆ ಇಡುವಾಗ ಒಂದು ಚೂರು ಚೀಸ್ ಒಳಗಿನ ಬಿಸಿ ಸರಳಿನ ಮೇಲೆ ಬಿತ್ತು. ಯಾರೂ ಗಮನಿಸಲಿಲ್ಲ. ಷಡ್ಡಕ ಓವನ್ನಿನ ಕಾವಲಿಗೆ ನಿಂತ. ಟ್ಯಾಂಕಪ್ಪ ಬಗ್ಗಿ ನೆಲ ಒರೆಸಿದ, ಕಟ್ಟೆ ಒರೆಸಿದ, ಬಟ್ಟೆ ಹಿಂಡಿ ಹಿಂಡಿ ಮತ್ತೆ ಒರೆಸಿದ. ಹಿಟ್ಟಿಗೆ ನೀರು ಸೇರಿದರೆ ಅದು ಎಂಥ ಅಂಟೆಂದು ಅಂದು ತಿಳಿಯಿತು.

ಆಮೇಲೆ ಇಬ್ಬರೂ ಗಾಜಿನ ಬಾಗಿಲಿಗೆ ಮುಖವೊಡ್ಡಿ ಕೂತರು. ಹೊಟ್ಟೆ ಚುರುಗುಟ್ಟುತ್ತಿತ್ತು.

“ಇದ್ಯಾಕೆ ಭಾವ, ಬಣ್ಣವೇ ಬರ್ತಿಲ್ಲ?”

“ನಾನೂ ಅದನ್ನೇ ನೋಡ್ತಾ ಇದ್ದೀನಿ. ನಾಚಿಕೆ ಸ್ವಭಾವದ್ದು ಇರ್ಬೇಕು.”

ಮತ್ತಷ್ಟು ಹೊತ್ತು ಕಳೆಯಿತು. ಟ್ಯಾಂಕಪ್ಪ ಗಾಜು ಮುಟ್ಟಿದ. ತಣ್ಣಗೆ ಇತ್ತು.

“ಭಾವ! ಓವನ್ ಆರಿಹೋಗಿದೆ!”

“ಆರಿಹೋಗಿಲ್ಲಪ್ಪ, ಆರಿಸಿದ್ದು.” ಷಡ್ಡಕ ಹೆಮ್ಮೆಯಿಂದ ಅಂದ. “ನೀನು ನೆಲ ಒರೆಸೋವಾಗ ಒಳಗೆ ಒಂದೆಳೆ ಹೊಗೆ ಬಂತು. ತಕ್ಷಣ ಆರಿಸಿದೆ. ಮೊದಲು ಆರಿಸೋದು, ಆಮೇಲೆ ವಿಚಾರಿಸೋದು. ನಮ್ಮಲ್ಲಿ ಹಾಗೇ ಅಭ್ಯಾಸ.”

“ಮತ್ತೆ, ವಿಚಾರಿಸೋದು?”

ಷಡ್ಡಕ ತಲೆ ಕೆರೆದುಕೊಂಡ. “ಅದು ಯಾವಾಗ್ಲೂ ಬೇರೆಯವರು ಮಾಡ್ತಾರೆ.”

ಮೊದಲ ಕೀಶಿಗೆ ನೀರಿನಿಂದ ಗಂಡಾಂತರ, ಎರಡನೆಯದಕ್ಕೆ ಬೆಂಕಿಯಿಲ್ಲದೆ! ಟ್ಯಾಂಕಪ್ಪ ಎದ್ದ. ಇನ್ನು ಶಾಸ್ತ್ರ ನೋಡುವ ಕಾಲವಲ್ಲ. ಅತಿ ದೊಡ್ಡ ಬಾಣಲೆಯನ್ನು ಒಲೆಯ ಮೇಲಿಟ್ಟು, ಆ ಹಸಿಬಿಸಿ ಕೀಶನ್ನು ತಳ, ಗೋಡೆ, ದ್ರವ ಸಮೇತ ಅದರೊಳಗೆ ಬಗ್ಗಿಸಿ, ಮೇಲೊಂದಿಷ್ಟು ಬೆಣ್ಣೆ ಬಿಟ್ಟು, ಎರಡು ಕೈಯಲ್ಲೂ ಕೆದಕಿದ. ಷಡ್ಡಕ ಕಾಳುಮೆಣಸಿನ ಪುಡಿ ಉದುರಿಸಿದ, ಒಲೆ ಆರಿಸಲು ಚಾಚುತ್ತಿದ್ದ ತನ್ನ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಘಮ್ಮೆಂದಿತು! ಅಲ್ಲಲ್ಲಿ ಗರಿಗರಿ, ಅಲ್ಲಲ್ಲಿ ಮೆತ್ತಗೆ, ಆಕಾರವನ್ನು ಮಾತ್ರ ಕೇಳಬಾರದು. ಷಡ್ಡಕ ಒಂದು ತುಣುಕು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ.

“ಗೆದ್ದುಬಿಟ್ಟೆ ಕಣಯ್ಯಾ!”

ಟ್ಯಾಂಕಪ್ಪ ಚಿಲಕ ತೆಗೆದು, ಬಾಣಲೆಯನ್ನು ಎದೆಯೆತ್ತರಕ್ಕೆ ಹಿಡಿದು, ದಿಗ್ವಿಜಯ ಮುಗಿಸಿ ಬಂದ ದೊರೆಯಂತೆ ನಡುಮನೆಗೆ ಕಾಲಿಟ್ಟ.

“ದಯವಿಟ್ಟು ಯಾರೂ ಏಳಬಾರದು!”

ಏಳಲು ಯಾರೂ ಇರಲಿಲ್ಲ. ಎರಡು ಖಾಲಿ ಕುರ್ಚಿಗಳು ಒಂದಕ್ಕೊಂದು ಮುಖ ಮಾಡಿ ಕೂತಿದ್ದವು. ಟ್ಯಾಂಕಪ್ಪ ಗಾಬರಿಯಿಂದ ಮೊಬೈಲು ನೋಡಿದರೆ ಹೆಂಡತಿಯ ಸಂದೇಶ: “ಬಾಗಿಲು ಬಡಿದು ಬಡಿದು ಸಾಕಾಯ್ತು, ಫ್ಯಾನ್ ಸದ್ದಿಗೆ ನಿಮಗೆ ಕೇಳಲಿಲ್ಲ. ತುಂಬಾ ಹಸಿವು. ಬೀದಿ ಕೊನೆಯ ಕೆಫೆಯಲ್ಲಿದ್ದೀವಿ.”

ಇಬ್ಬರು ವೀರರೂ ಬೀದಿಗಿಳಿದರು. ಮುಂದೆ ಹೂವಿನ ಏಪ್ರನ್ನಿನ ಟ್ಯಾಂಕಪ್ಪ, ಕೈಯಲ್ಲಿ ಹಬೆಯಾಡುವ ಬಾಣಲೆ. ಹಿಂದೆ ನಾಲ್ಕು ತಟ್ಟೆ ಹಿಡಿದ ಷಡ್ಡಕ, “ದಾರಿ ಬಿಡಿ, ದಾರಿ ಬಿಡಿ” ಅನ್ನುತ್ತ. ಜನ ನಿಜವಾಗಿಯೂ ದಾರಿ ಬಿಟ್ಟರು.

ಕೆಫೆಯಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕತಂಗಿಯರಿಬ್ಬರೂ ಕೂತಿದ್ದರು. ಹೆಂಡತಿ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳು ಹಾಗೆ ಬೆನ್ನು ಒರಗಿಸಿ ಕೂತದ್ದನ್ನು ಟ್ಯಾಂಕಪ್ಪ ಮದುವೆಯಾದ ಮೇಲೆ ನೋಡಿಯೇ ಇರಲಿಲ್ಲ. ಬಾಗಿಲಲ್ಲಿ ಗಂಡನ ಅವತಾರ ಕಂಡದ್ದೇ ನಗು ಇನ್ನಷ್ಟು ಏರಿತು.

“ಬನ್ರೀ, ಬನ್ನಿ! ಇಲ್ಲಿ ಕೀಶ್ ಎಷ್ಟು ಚೆನ್ನಾಗಿದೆ ಗೊತ್ತಾ? ನಿಮಗೂ ಹೇಳಿದ್ದೀನಿ. ಅಕ್ಕ ಇನ್ನೊಂದು ತಗೊಂಡ್ಲು.”

ಟ್ಯಾಂಕಪ್ಪ ಬಾಣಲೆಯನ್ನು ಮೇಜಿನ ಮೇಲಿಡಲು ಬಗ್ಗಿದ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ವಿನಯದಿಂದ ಕೆಮ್ಮಿದರು. ಕೆಫೆಯ ಮಾಣಿ.

“ಕ್ಷಮಿಸಿ ಸಾರ್. ಹೊರಗಿನ ತಿಂಡಿ ಒಳಗೆ ತರೋ ಹಾಗಿಲ್ಲ.”

ಟ್ಯಾಂಕಪ್ಪ, ಷಡ್ಡಕ ಇಬ್ಬರೂ ಕೆಫೆಯ ಮೆಟ್ಟಿಲ ಮೇಲೆ ಕೂತು ಬಾಣಲೆ ಖಾಲಿ ಮಾಡಿದರು. ಕಿಟಕಿಯಿಂದ ಹೆಂಡತಿಯ ಕೈ ಎರಡು ಸಲ ಕೆಳಗಿಳಿದು ಬಂದು ಗರಿಗರಿ ತುಣುಕುಗಳನ್ನೇ ಆರಿಸಿಕೊಂಡು ಹೋಯಿತು.

ಈಗ ರಜೆಯ ದಿನ ಟ್ಯಾಂಕಪ್ಪ ಎಲ್ಲರಿಗಿಂತ ಮೊದಲು ಆ ಕೆಫೆಗೆ ಹೋಗಿ, ಹೆಂಡತಿಗೆಂದು ಕಿಟಕಿ ಪಕ್ಕದ ಮೇಜು ಹಿಡಿದುಕೊಂಡು ಕೂರುತ್ತಾನೆ.